ಒಂದು ರೂಮು ಎಳೆಯಲು ವರ್ಕ್‌ಸ್ಟೇಷನ್ ಯಾಕೆ ಸರ್?

ಮಾನ್ಯ ಪ್ರಾಂಶುಪಾಲರೇ,

ನನ್ನ ಲ್ಯಾಪ್‌ಟಾಪ್ ಸಾಧಾರಣ ಮನೆಬಳಕೆಯದು ಎಂಬ ಒಂದೇ ಕಾರಣಕ್ಕೆ ಡ್ರಾಯಿಂಗ್ ಕ್ಲಾಸಿನಿಂದ ನನ್ನನ್ನು ಹೊರಗಿಟ್ಟಿದ್ದೀರಿ. ಪ್ರಥಮ ವರ್ಷದ ಸಿವಿಲ್ ವಿದ್ಯಾರ್ಥಿಗಳೆಲ್ಲ ‘ವರ್ಕ್‌ಸ್ಟೇಷನ್ ದರ್ಜೆಯ’ ಲ್ಯಾಪ್‌ಟಾಪನ್ನೇ ತರತಕ್ಕದ್ದು ಎನ್ನುತ್ತದೆ ನಿಮ್ಮ ಸುತ್ತೋಲೆ. ಸೋಮವಾರ ಇಂಟರ್ನಲ್ ಟೆಸ್ಟ್. ಅದಕ್ಕೂ ಬಿಡುವುದಿಲ್ಲವಂತೆ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳು ನಾನು, ನೋಟಿಸ್ ಬೋರ್ಡ್ ಕಂಡರೇ ದಾರಿ ಬದಲಿಸುತ್ತೇನೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಛೇಂಬರಿಗೇ ಬಂದರೆ ‘ಗುಡ್ ಮಾರ್ನಿಂಗ್ ಸರ್’ ಆದ ಮೇಲೆ ನನಗೆ ಇಂಗ್ಲಿಷೂ ಬರುವುದಿಲ್ಲ, ಕನ್ನಡವೂ ಬರುವುದಿಲ್ಲ.

ವರ್ಕ್‌ಸ್ಟೇಷನ್ನನ್ನು ಹೀಗಳೆಯುತ್ತಿಲ್ಲ ಸರ್. ಇಡೀ ಸೇತುವೆಯ ಮಾಡೆಲ್ ಹಾಕಿ ದಿನಗಟ್ಟಲೆ ಲೆಕ್ಕ ಓಡಿಸುವವರಿಗೆ ಅದು ಬೇಕೇ ಬೇಕು. ಅದರ ದುಬಾರಿ ಗ್ರಾಫಿಕ್ಸ್ ಕಾರ್ಡು, ಬಿಸಿಯಾದರೂ ಸೋಲದ ಗಟ್ಟಿತನ, ಎಲ್ಲವೂ ಅಲ್ಲಿ ಕೊಟ್ಟ ದುಡ್ಡನ್ನು ದುಡಿದು ತೀರಿಸುತ್ತವೆ. ಆದರೆ ಈ ವರ್ಷ ನಾವು ಎಳೆಯುವುದು ಏನನ್ನು? ಒಂದು ರೂಮು, ಎರಡು ಕಿಟಕಿ, ಒಂದು ಬಾಗಿಲು. ಆ ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ ಎಂಬ ನಮ್ಮ ಗೊಂದಲವನ್ನು ಯಾವ ಗ್ರಾಫಿಕ್ಸ್ ಕಾರ್ಡು ಪರಿಹರಿಸೀತು?

ಹಾಗಂತ ಕಣ್ಣುಮುಚ್ಚಿ ಅಗ್ಗದ್ದು ತಂದವರಲ್ಲ ನಾವು. ನಮ್ಮಪ್ಪ ಕಾಟಯ್ಯ ಹಿರಿಯೂರು ಕಡೆ ಕುರಿ ಸಾಕುವವರು. ಟಗರಿನ ಬೆನ್ನು ಅದುಮಿ, ಎತ್ತಿ ನೋಡದೆ ವ್ಯಾಪಾರದ ಮಾತೇ ಆಡರು. ದುರ್ಗದ ಕಂಪ್ಯೂಟರ್ ಅಂಗಡಿಯಲ್ಲೂ ಅದೇ ಪದ್ಧತಿ. ಎರಡು ಕೈಯಲ್ಲಿ ಎರಡು ಲ್ಯಾಪ್‌ಟಾಪ್ ಹಿಡಿದು ತೂಗಿದರು.

“ಇದು ಭಾರ ಐತೆ. ಇದ್ನೇ ಕೊಡ್ರಿ.”

ಭಾರದ್ದು ವರ್ಕ್‌ಸ್ಟೇಷನ್, ಬೆಲೆ ಮೂರು ಪಟ್ಟು. ಅಂಗಡಿಯ ಹಾಲೇಶಣ್ಣ ಆಗಲೇ ಕವರ್ ಹುಡುಕುತ್ತಿದ್ದರು. ನಮ್ಮವ್ವ ಹುಚ್ಚಕ್ಕ ಅಡ್ಡ ಬಂದಳು.

“ಏನು, ಕೊಯ್ದು ಪಾಲು ಹಾಕ್ಬೇಕಾ ಇದನ್ನ? ಲೇ ಯಶೋದಿ, ಕಾಲೇಜಲ್ಲಿ ಏನ್ ಬರಿತೀಯೋ ಅದನ್ನ ಎರಡ್ರಾಗೂ ಬರ್ದು ತೋರ್ಸು.”

“ಅಂಗಡ್ಯಾಗೆ ಹಂಗೆಲ್ಲ ಆಗಲ್ಲಮ್ಮ” ಅಂದರು ಹಾಲೇಶಣ್ಣ.

“ಯಾಕಾಗಲ್ಲ? ಟಗರನ್ನೇ ನಡೆಸಿ ತೋರಿಸ್ತಾರೆ, ಇದಕ್ಕೇನು ಕಾಲು ನೋವಾ?”

ಅವರು ಗೊಣಗುತ್ತಲೇ ಎರಡಕ್ಕೂ ಡ್ರಾಯಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟರು. ನಾನು ನಮ್ಮ ಆ ಸುಪ್ರಸಿದ್ಧ ರೂಮನ್ನು ಎರಡರಲ್ಲೂ ಎಳೆದೆ. ಒಂದರಲ್ಲಿ ಬಂದಷ್ಟೇ ಬೇಗ, ಅಷ್ಟೇ ಚೆಂದವಾಗಿ ಇನ್ನೊಂದರಲ್ಲೂ ಬಂತು. ಅಪ್ಪ ಎರಡೂ ಸ್ಕ್ರೀನ್ ನೋಡಿ ನಕ್ಕುಬಿಟ್ಟರು. “ಥೋ, ನಾನು ಮಾಂಸ ನೋಡ್ತಿದ್ನಲ್ಲ!” ಹಗುರದ್ದೇ ನಮ್ಮ ಚೀಲ ಸೇರಿತು. ಮುಂದೆ ಸಾಲದಿದ್ದರೆ ಮೆಮೊರಿ ಹೆಚ್ಚಿಸಿಕೊಳ್ಳಬಹುದು ಎಂದು ಹಾಲೇಶಣ್ಣನೇ ತೋರಿಸಿಕೊಟ್ಟರು.

ಈಗ ಹೇಳಿ ಸರ್, ನಮ್ಮಪ್ಪ ನಿಂತ ನಿಲುವಿನಲ್ಲೇ ತಿದ್ದಿಕೊಂಡ ತಪ್ಪನ್ನು ಕಾಲೇಜು ಸಹಿ, ಸೀಲು ಹಾಕಿ ಕಾಪಾಡಬೇಕೆ? ಕಡೆಯ ವರ್ಷಕ್ಕೆ ಬೇಕಾಗುವ ಶಕ್ತಿಯನ್ನು ಇವತ್ತೇ ಕೊಂಡಿಟ್ಟರೆ, ಅದು ಬೇಕಾಗುವ ಹೊತ್ತಿಗೆ ಆ ಮಿಷನ್ನೇ ಹಳೆಯದಾಗಿರುವುದಿಲ್ಲವೆ?

ನನ್ನ ಬೇಡಿಕೆ ಇಷ್ಟೇ. ಸುತ್ತೋಲೆಯಲ್ಲಿ ಲ್ಯಾಪ್‌ಟಾಪಿನ ದರ್ಜೆಯನ್ನು ಹೊಡೆದುಹಾಕಿ, ಅದು ಮಾಡಬೇಕಾದ ಕೆಲಸ ಏನೆಂದು ಬರೆಯಿರಿ. ಕಡೆಯ ವರ್ಷದವರಿಗಾಗಿ ಲ್ಯಾಬಿಗೇ ಕೆಲವು ವರ್ಕ್‌ಸ್ಟೇಷನ್ ತರಿಸಿ; ನನ್ನ ಸರದಿ ಬಂದಾಗ ಖುಷಿಯಿಂದ ಸಾಲಿನಲ್ಲಿ ನಿಲ್ಲುತ್ತೇನೆ. ಸೋಮವಾರ ಮಾತ್ರ ದಯವಿಟ್ಟು ಒಳಗೆ ಬಿಡಿ. ಡ್ರಾಯಿಂಗ್ ಕೆಟ್ಟರೆ ಧಾರಾಳವಾಗಿ ಸೊನ್ನೆ ಹಾಕಿ. ಆದರೆ ಆ ಸೊನ್ನೆಯನ್ನು ನಾನೇ ಕೂತು, ಬರೆದು, ಸಂಪಾದಿಸುವಂತಾಗಲಿ.

ಇಂತಿ,
ಹಾಜರಿ ಸಿಗದಿದ್ದರೂ ದಿನಾ ಹಾಜರಾಗುತ್ತಿರುವ
ನಿಮ್ಮ ಪ್ರಥಮ ವರ್ಷದ ವಿದ್ಯಾರ್ಥಿನಿ,
ಯಶೋದಾ