ಸೆಕೆಗೆ ಬೇಕಾದ ಇಂಗ್ಲಿಷ್

ಏಪ್ರಿಲ್ 28

ಲಾಂಡ್ರಿಯ ಎರಡು ಫ್ಯಾನುಗಳಲ್ಲಿ ಒಂದು ಇವತ್ತೂ ತಿರುಗಲಿಲ್ಲ. ಇಸ್ತ್ರಿ ಮಷೀನಿನ ಆವಿಗೆ ಮುಖ ಬೆಂದುಹೋಯಿತು. "ಹಾಟ್, ಸಾರ್" ಎಂದೆ. "ಎವೆರಿಬಡಿ ಹಾಟ್" ಎಂದು ಹೋದ ಸೂಪರ್‌ವೈಸರ್. ನಮ್ಮ ಮಾತು ಅವನಿಗೆ ಬಾರದು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಏನಾಗುತ್ತಿದೆ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದವರಿಗಷ್ಟೇ ಹತ್ತು ನಿಮಿಷ ಹೊರಗೆ ಕೂರಲು ಬಿಡುತ್ತಾನೆ. ದರಿದ್ರದವನು.

ಏಪ್ರಿಲ್ 30

ಮಗಳು ಪಟ್ಟಿ ಬರೆದುಕೊಟ್ಟಳು. ಗಾಳಿಯಾಡದಿದ್ದರೆ ಸ್ಟಫಿ. ಬಟ್ಟೆ ಮೈಗಂಟಿದರೆ ಸ್ಟಿಕಿ. ಗಂಟಲೊಣಗಿದರೆ ಪಾರ್ಚ್ಡ್. ತಲೆ ಸುತ್ತಿದರೆ ಡಿಜ್ಜಿ. ಕಣ್ಣು ಕತ್ತಲಿಟ್ಟರೆ ಫೇಂಟ್.

"ಐ ಆಮ್ ಬಾಯ್ಲಿಂಗ್ ಅಂತಲೂ ಹೇಳ್ಬಹುದಪ್ಪ."

"ನಾನೇನು ಆಲೂಗಡ್ಡೆನಾ?"

"ಆಲೂಗಡ್ಡೆ ಬೆಂದ್ಮೇಲಾದ್ರೂ ಮೆತ್ತಗಾಗುತ್ತೆ," ಎಂದಳು ನನ್ನ ಹೆಂಡತಿ. ನಲವತ್ತೊಂದು ವರ್ಷದಿಂದ ಹೀಗೇ. ಬಾಯಿ ಸುಮ್ಮನಿರದು.

ಮೇ 4

ಲಾಂಡ್ರಿಯಲ್ಲಿ ನನ್ನದೇ ಟೇಬಲಿನಲ್ಲಿ ಕೆಲಸ ಮಾಡುವ ಹೆಂಡತಿಯದೇ ಹೊಸ ಆಟ. ಬೆಡ್‌ಶೀಟಿನ ಎರಡು ಮೂಲೆ ನನಗೆ, ಎರಡು ಅವಳಿಗೆ. ಜಾಡಿಸಿ, ಎಳೆದು, ಎದುರುಬದುರು ನಡೆದುಬಂದು ಮೂಲೆ ಸೇರಿಸುವಾಗ ಪಟ್ಟಿಯ ಒಂದು ಪದ ಹೇಳಬೇಕು. ಹೇಳಿದ್ದನ್ನೇ ಹೇಳಿದರೆ ಸೋಲು. ದಿನವೂ ನನ್ನದೇ ಸೋಲು. ರೇಗಿದೆ. "ಹೆಡ್‌ಮಾಸ್ಟರು ಮುನಿಸ್ಕೊಂಡ್ರು ನೋಡ್ರೇ," ಎಂದು ಪಕ್ಕದ ಟೇಬಲಿನವರಿಗೆಲ್ಲ ಸಾರಿದಳು.

ಮೇ 17

ಅವಳು ಹೋಗಿ ಒಂಬತ್ತು ದಿನ.

ಸೆಕೆಯೇ ಕಾರಣ ಎಂದರು ಡಾಕ್ಟರು. ಅರ್ಧ ಗಂಟೆ ಮೊದಲೇ ಕರೆತಂದಿದ್ದರೆ... ಎಂದು ನಿಲ್ಲಿಸಿದರು.

"ಅಮ್ಮ ಮೊದ್ಲೇ ಏನಾದ್ರೂ ಹೇಳಿದ್ಳಾ?" ಎಂದು ಕೇಳುತ್ತಾಳೆ ಮಗಳು.

"ಏನಿಲ್ಲ. ನಿಂತಲ್ಲೇ ಬಿದ್ಳು."

ಮೇ 20, ಮಧ್ಯಾಹ್ನ

ಹೇಳಿದ್ದಳು.

ಆ ದಿನ ಮೂಲೆ ಕೊಡುತ್ತ "ಡಿಜ್ಜಿ" ಎಂದಳು. ಸರಿ ಎಂದೆ. ಮುಂದಿನ ಶೀಟಿಗೆ "ಫೇಂಟ್". ಮೇಷ್ಟ್ರ ಹಾಗೆ ತಲೆಯಾಡಿಸಿದೆ. ಅದರ ಮುಂದಿನದಕ್ಕೂ "ಫೇಂಟ್" — ದನಿ ಸಣ್ಣದಾಗಿತ್ತು. ನನಗೋ ಗೆದ್ದ ಹಿಗ್ಗು.

"ಹೇಳಿದ್ದನ್ನೇ ಹೇಳ್ತೀಯಲ್ಲೇ. ಬೇರೆ ಹೇಳು."

"ಆಟ ಅಲ್ಲ ರೀ..." ಎಂದಳು. ಅವಳ ಕಡೆಯ ತುದಿ ನೆಲಕ್ಕೆ ಬಿತ್ತು. ಒಗೆದ ಶೀಟು ಕೊಳೆಯಾಯಿತೆಂದು ಬೈದೆ. ಮೊದಲು ಬೈದೆ. ಆಮೇಲೆ ನೋಡಿದೆ.

ಮೇ 22

ಮಗಳು ಮೂರು ದಿನದಿಂದ ಊಟ ಬಿಟ್ಟಿದ್ದಾಳೆ. "ನಾನೇ ಸರಿಯಾಗಿ ಕಲಿಸ್ಲಿಲ್ಲ ಅಪ್ಪ. ಏನಾಗ್ತಿದೆ ಅಂತ ಆ ಸೂಪರ್‌ವೈಸರ್‌ಗೆ ಹೇಳೋಕೆ ಅಮ್ಮನಿಗೆ ಬರ್ಲೇ ಇಲ್ಲ." ನನ್ನ ಪಾಪ ಹೊತ್ತು ಕೂಸು ಸೊರಗುತ್ತಿದೆ. ನಾಲಗೆ ಏಳುತ್ತಿಲ್ಲ.

ಮೇ 23, ಬೆಳಿಗ್ಗೆ ಏಳು

ನೀನು ಚೆನ್ನಾಗಿಯೇ ಕಲಿಸಿದ್ದೆ ಮಗಳೇ. ಅಮ್ಮ ಚೆನ್ನಾಗಿಯೇ ಹೇಳಿದಳು. ಕೇಳಬೇಕಾದ ಕಿವಿ ನನ್ನದು. — ಇಷ್ಟು ಹೇಳಿದರೆ ಸಾಕು. ಎರಡು ಸಲ ಅವಳ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ. ಬಾಯಲ್ಲಿ ಬರುವುದಿಲ್ಲ.

ಎದ್ದಿದ್ದಾಳೆ. ನಲ್ಲಿಯ ಸದ್ದು. ಇತ್ತಲೇ ಬರುತ್ತಿದ್ದಾಳೆ. ಇದೆಲ್ಲ ಬರೆದಿಟ್ಟ ಈ ಪುಸ್ತಕವನ್ನೇ ಅವಳ ಕೈಗೆ—