ಒಂದೇ ಎಂಜಿನ್, ಎರಡು ಲೆಕ್ಕ

ಮಾರ್ಚ್ ೧೪, ಶನಿವಾರ

ಅದೇ ಕಾರು, ಅದೇ ರಸ್ತೆ. ನಾನು ಓಡಿಸಿದಾಗ ನೂರ ಎಂಬತ್ತು ಅಶ್ವಶಕ್ತಿ, ಅಪ್ಪ ಓಡಿಸಿದಾಗ ನೂರ ನಲವತ್ತು. ಎಂಜಿನ್ ಎಳೆದುಕೊಂಡ ಗಾಳಿಯಿಂದ ಅಂದಾಜು ಮಾಡಿದರೂ ಅಷ್ಟೇ, ಕಾರು ವೇಗ ಏರಿಸಿಕೊಂಡ ರೀತಿಯಿಂದ ಮಾಡಿದರೂ ಅಷ್ಟೇ. ತಲೆ ಚಿಟ್ಟು ಹಿಡಿಯಿತು.

“ನಿನ್ನ ಟ್ಯೂನಿಂಗ್‌ನಲ್ಲೇ ಏನೋ ಎಡವಟ್ಟಾಗಿದೆ. ಗಾಡಿ ಎಳೀತಾನೇ ಇಲ್ಲ ಕಣೇ,” ಎಂದು ಅಪ್ಪ ಗ್ಯಾರೇಜಿನ ಬಾಗಿಲಲ್ಲಿ ನಿಂತು ಗೊಣಗಿದರು. ಬಲ ಮೊಣಕಾಲಿನ ಆಪರೇಷನ್ ಆದಮೇಲೆ ನಾಳೆಯದೇ ಅವರ ಮೊದಲ ರ‍್ಯಾಲಿ.

ಸಂಜೆ ಲ್ಯಾಪ್‌ಟಾಪಿನಲ್ಲಿ ಎರಡೂ ಓಟಗಳ ದಾಖಲೆಯನ್ನು ಮತ್ತೆ ತೆರೆದೆ. ಸೆನ್ಸರ್ ಕೈಕೊಟ್ಟಿರಲಿಲ್ಲ, ಪೆಟ್ರೋಲೂ ಸರಿಯಾಗಿಯೇ ಹೋಗಿತ್ತು. ಕೊನೆಗೆ ಆಕ್ಸಿಲರೇಟರನ್ನು ಎಷ್ಟು ಒತ್ತಿದ್ದೆವೆಂದು ತೋರಿಸುವ ಗೆರೆ ಕಣ್ಣಿಗೆ ಬಿತ್ತು. ನನ್ನದು ನೂರಕ್ಕೆ ನೂರು. ಅಪ್ಪನದು ಅರವತ್ತು ದಾಟಿಯೇ ಇಲ್ಲ.

“ಪೂರ್ತಿ ಒತ್ತಿದ್ರಾ, ಅಪ್ಪ?” ಎಂದು ಊಟದ ಹೊತ್ತಿಗೆ ಮೆಲ್ಲಗೆ ಕೇಳಿದೆ.

“ನೆಲ ಮುಟ್ಟೋ ಹಾಗೆ ಒತ್ತಿದೀನಿ,” ಎಂದರು, ತಟ್ಟೆಯಿಂದ ತಲೆ ಎತ್ತದೆ.

ಅಪ್ಪ ಸುಳ್ಳು ಹೇಳುವವರಲ್ಲ. ಹಾಗಾದರೆ ಕಾಲು ಎಲ್ಲಿ ನಿಂತಿತೆಂದು ಅವರಿಗೇ ತಿಳಿಯುತ್ತಿಲ್ಲವೇ? ಅಥವಾ ಹೆದರಿಕೆಯೇ? ಅಪ್ಪನಿಗೆ, ಹೆದರಿಕೆಯೇ?

ನಾನು ಪಾತ್ರೆ ತೊಳೆಯುತ್ತಿದ್ದಾಗ ಹಿಂದೆ ಬಂದು ನಿಂತರು.

“ಪುಟ್ಟಿ, ನಾಳೆ ನೀನೇ ಓಡಿಸ್ತೀಯಾ? ನಾನು ಪಕ್ಕದಲ್ಲಿ ಕೂತು ದಾರಿ ಹೇಳ್ತೀನಿ.”

ಎಷ್ಟು ವರ್ಷದಿಂದ ಈ ಮಾತಿಗಾಗಿ ಕಾದಿದ್ದೆನೋ. ಈಗ ಹಿಗ್ಗಬೇಕೋ ಅಳಬೇಕೋ ತಿಳಿಯದೆ ಸುಮ್ಮನೆ ಹೂಂ ಎಂದೆ. ಅವರು ಬೆನ್ನು ತಟ್ಟಿ ಮಲಗಲು ಹೋದರು. ನಾನು ಆ ಗೆರೆಯ ವಿಷಯ ಬಾಯಿಬಿಟ್ಟಿರಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ ನನ್ನ ಟ್ಯೂನಿಂಗನ್ನು ಬೈದರೇ, ಇಲ್ಲಾ ಊಟದ ಹೊತ್ತಿನ ನನ್ನ ಪ್ರಶ್ನೆ ಕೇಳಿದ ಮೇಲೆಯೇ ಅರ್ಥವಾಯಿತೇ?