ಯಾರೂ ಬಳಸುತ್ತಿಲ್ಲವೆಂದು ತೆಗೆದ ದುಭಾಷಿ

ಮೇಲ್ಕೋಡಿ,
ಗೇಟಿನ ನೂರ ಮೂವತ್ತೆಂಟನೇ ವರ್ಷ, ಆಷಾಢದ ನಲವತ್ತೊಂದನೇ ದಿನ

ಸುಗಂಧಿಗೆ ಪದ್ಮಾಕ್ಷಿ ಮಾಡುವ ನಮಸ್ಕಾರ, ಮತ್ತು ಆಶೀರ್ವಾದ.

ಎರಡೂ ಯಾಕೆಂದರೆ, ವಂಶದ ಪ್ರಕಾರ ನೀನು ನನ್ನ ಮುತ್ತಜ್ಜಿಯ ತಾಯಿ. ವಯಸ್ಸಿನಲ್ಲಿ ನೋಡಿದರೆ ನನ್ನ ಮೊಮ್ಮಗಳಷ್ಟು ಚಿಕ್ಕವಳು. ಹೇಗಿದ್ದೀ ಮಗಾ? ನಿನ್ನ ಅತ್ತೆ ತುಂಗಮ್ಮನವರ ಮಂಡಿನೋವು ಇಳಿಯಿತೇ? ನಿನ್ನ ಗಂಡ ರಘುವೀರನ ಕೆಮ್ಮು ಹೇಗಿದೆ? ನಿನ್ನ ಕೂಸು, ನನ್ನ ಮುತ್ತಜ್ಜಿ ಚಿನ್ಮಯಿಗೆ ಹಲ್ಲು ಬಂತೇ? ನಾನು ಅವಳನ್ನು ಕಂಡದ್ದು ಹಲ್ಲೆಲ್ಲ ಬಿದ್ದ ಮೇಲೆ. ಬೊಚ್ಚುಬಾಯಲ್ಲಿ ನಗುತ್ತಾ ನಿನ್ನ ಕತೆ ಹೇಳುತ್ತಿದ್ದಳು.

ತಾರೀಖು ನೋಡಿ ಗಾಬರಿಯಾಗಬೇಡ. ಮಳೆ ಬಿಟ್ಟ ಮೇಲೆಯೇ ನಮ್ಮಲ್ಲಿ ಆಷಾಢ ಮುಗಿಯಿತು ಎನ್ನುವುದು. ಒಂದು ವರ್ಷ ಅದು ದೀಪಾವಳಿಯವರೆಗೂ ಎಳೆದಿತ್ತು. ನನ್ನ ಮಾತುಗಳೂ ನಿನಗೆ ವಿಚಿತ್ರವಾಗಿ ಕೇಳಿಸಬಹುದು, ಹೊಟ್ಟೆಗೆ ಹಾಕಿಕೋ. ನೀನು ಕರ್ನಲ್ ಎನ್ನುವುದಕ್ಕೆ ನಾವು ತಿರುಳು ಎನ್ನುತ್ತೇವೆ, ಕಂಪ್ಯೂಟರಿನ ಎಲ್ಲ ಕೆಲಸವೂ ಅದರ ಮೇಲೆ ನಿಂತಿದೆಯಲ್ಲ, ಅದಕ್ಕೆ. ನೀನು ಬರೆಯುವ ಡ್ರೈವರಿಗೆ ದುಭಾಷಿ ಎನ್ನುತ್ತೇವೆ. ಯಂತ್ರದ ಭಾಷೆ ತಿರುಳಿಗೆ ಬಾರದು, ತಿರುಳಿನ ಭಾಷೆ ಯಂತ್ರಕ್ಕೆ ಬಾರದು; ನಡುವೆ ನಿಂತು ಹೇಳುವವರೊಬ್ಬರು ಬೇಕು. ಈ ಕೆಲಸವನ್ನು ನನಗೆ ಯಾವ ಶಾಲೆಯಲ್ಲೂ ಕಲಿಸಲಿಲ್ಲ. ನೀನು ಬರೆದ ದುಭಾಷಿಯನ್ನೇ ಓದಿ, ಕೆಡಿಸಿ, ಮತ್ತೆ ಸರಿಮಾಡಿ ಕಲಿತೆ. ನಿನ್ನ ಮುಖ ಕಂಡಿಲ್ಲ. ಆದರೆ ಸಿಟ್ಟು ಬಂದಾಗ ನೀನು ಬರೆಯುವ ಸಾಲುಗಳು ಗಿಡ್ಡವಾಗುತ್ತವೆ ಎಂದು ಮಾತ್ರ ಚೆನ್ನಾಗಿ ಗೊತ್ತು.

ನಿನ್ನೂರು ಕೋಡಿಯ ದಕ್ಕೆಯಲ್ಲಿ, ದೋಣಿ ಕಟ್ಟುವ ಕಂಬದ ಪಕ್ಕ, ನೀನೊಂದು ನೀರಳತೆಯ ಕೊಳವೆ ನಿಲ್ಲಿಸಿದ್ದೆಯಲ್ಲ? ಉಬ್ಬರ ಎಷ್ಟು ಏರಿತು ಎಂದು ಹೇಳುವುದು. ಅದನ್ನು ಕಿತ್ತು ಗುಜರಿಗೆ ಹಾಕಿದರು ಎಂದುಕೊಂಡಿದ್ದೀ. ಹಾಕಲಿಲ್ಲ ಮಗಾ. ಹತ್ತು ಹನ್ನೆರಡು ವರ್ಷ ಕಳೆದು ಸಮುದ್ರ ಬೀದಿಗೆ ಬಂದಾಗ, ಹೊಳೆಯ ಬಾಯಿಗೆ ಗೇಟು ಕಟ್ಟಿದರು. ನೀರು ನೋಡಿ ತಾನೇ ಮುಚ್ಚುವ ಗೇಟು. ಅದಕ್ಕೆ ನಿನ್ನ ಕೊಳವೆಯ ಮಾದರಿಯನ್ನೇ ತೆಗೆದುಕೊಂಡರು, ಯಾಕೆಂದರೆ ಅದು ಅಗ್ಗ, ಮತ್ತು ಅದರ ದುಭಾಷಿಯನ್ನು ನೀನು ಎಲ್ಲರಿಗೂ ಬಿಟ್ಟುಕೊಟ್ಟಿದ್ದೆ. ಈಗ ಈ ಕರಾವಳಿಯ ಎಲ್ಲ ಗೇಟುಗಳಲ್ಲೂ ಅದೇ ಕೊಳವೆ. ನಿನ್ನ ಕೋಡಿ ನೀರೊಳಗಿದೆ; ನಾವು ಗುಡ್ಡದ ಮಗ್ಗುಲಿಗೆ ಬಂದು ಮೇಲ್ಕೋಡಿ ಎಂದು ಹೆಸರಿಟ್ಟುಕೊಂಡಿದ್ದೇವೆ. ಗೇಟು ಮುಚ್ಚಿರುವಷ್ಟು ಹೊತ್ತು ಅಂಗಳದಲ್ಲಿ ಬಂಗುಡೆ ಒಣಹಾಕುತ್ತೇವೆ, ಬಸಳೆ ಚಪ್ಪರ ಹಾಕುತ್ತೇವೆ. ಮಕ್ಕಳ ತೊಟ್ಟಿಲನ್ನು ಮಾತ್ರ ಅಟ್ಟದಲ್ಲಿ ಕಟ್ಟುತ್ತೇವೆ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇದೆ. ಒಂದು ತುದಿಯ ಮನೆಯವರು ಬಾಗಿಲಿಗೆ ಬಂದು 'ಇದ್ದೇವೆ' ಎಂದು ಕೂಗುತ್ತಾರೆ, ಪಕ್ಕದವರು 'ಇದ್ದೇವೆ' ಎನ್ನುತ್ತಾರೆ, ಹೀಗೆ ಕೊನೆಯ ಮನೆಯವರೆಗೆ. ಯಾವ ಮನೆಯಿಂದ ದನಿ ಬರಲಿಲ್ಲವೋ ಅಲ್ಲಿಗೆ ಓಡುತ್ತೇವೆ. ದನಿ ಇಲ್ಲ ಎಂದ ಮಾತ್ರಕ್ಕೆ ಜನ ಇಲ್ಲ ಎಂದುಕೊಳ್ಳುವುದಿಲ್ಲ.

ತಿರುಳನ್ನು ನೋಡಿಕೊಳ್ಳುವ ನಿಮ್ಮವರ ಮನೆಯಲ್ಲಿ ಇದರ ತಿರುಗುಮುರುಗು. ಈಗ, ನೀನು ಇದನ್ನು ಓದುತ್ತಿರುವಾಗ, ನಿನ್ನ ಅಂಚೆಪೆಟ್ಟಿಗೆಯಲ್ಲಿ ಒಂದು ಮೇಲ್ ಬಿದ್ದಿದೆ. 'ಈ ಡ್ರೈವರನ್ನು ಯಾರಾದರೂ ಬಳಸುತ್ತಿದ್ದೀರಾ? ಉತ್ತರ ಬಾರದಿದ್ದರೆ ತೆಗೆಯುತ್ತೇವೆ' ಎಂದು. ಕೇಳಿದವರು ಕೆಟ್ಟವರಲ್ಲ. ಅಷ್ಟು ದೊಡ್ಡ ಮನೆ ಗುಡಿಸುವವರಿಗೆ ಹಳೆಯ ಸಾಮಾನು ಭಾರ. ನೀನೂ ಕೆಟ್ಟವಳಲ್ಲ. ಕೈಯಲ್ಲಿ ಕೂಸು, ಕೊಳವೆ ಈಗ ನಿನ್ನ ಹತ್ತಿರ ಇಲ್ಲ, ಬೇಕಾದವರು ಯಾರಾದರೂ ಬರೆಯುತ್ತಾರೆ ಎಂದುಕೊಂಡು ನೀನು ಉತ್ತರ ಬರೆಯಲಿಲ್ಲ. ಬಳಸುವವರಿಗೆ ತಾವು ಬಳಸುತ್ತಿದ್ದೇವೆ ಎಂದೇ ಗೊತ್ತಿರುವುದಿಲ್ಲ ಮಾರಾಯ್ತಿ! ದಕ್ಕೆಯ ಮೀನುಗಾರನಿಗೆ ಗೊತ್ತಿರುವುದು ಗೋಡೆಯ ಮೇಲೆ ನೀರಿನ ಎತ್ತರ ತೋರಿಸುವ ಕೆಂಪು ಅಂಕಿ ಮಾತ್ರ. ಅವನು ಎಲ್ಲಿ ಮೇಲ್ ಬರೆಯಬೇಕು? ಹಾಗೆ ತೆಗೆದರು. 'ಬಳಸುವವರಿಲ್ಲ, ಬರೆದವರಿಂದ ಉತ್ತರವಿಲ್ಲ' ಎಂದು ತೆಗೆದವರ ಟಿಪ್ಪಣಿ ಇವತ್ತಿಗೂ ಎಲ್ಲರೂ ಓದುವಂತೆ ಇದೆ.

ಹೋದದ್ದೇನು ಎಂದು ನಿನಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ತಿರುಳಿನ ಒಳಗಿನ ರೀತಿನೀತಿ ಯಾರು ಬದಲಿಸುತ್ತಾರೋ, ಮನೆಯೊಳಗಿನ ಎಲ್ಲ ದುಭಾಷಿಗಳನ್ನೂ ಅವರೇ ಸರಿಮಾಡಬೇಕು. ಅದು ಆ ಮನೆಯ ನಿಯಮ. ಹೊರಗಿದ್ದವರನ್ನು ಯಾರೂ ಕೇಳುವುದಿಲ್ಲ. ನಿನ್ನ ದುಭಾಷಿ ಅಂದಿನಿಂದ ಹೊರಗಿದೆ. ಪ್ರತಿ ಹೊಸ ತಿರುಳಿಗೂ ಅದನ್ನು ಹೊಂದುವಂತೆ ನಾವೇ ಹೊಲಿಯುತ್ತಾ ಬಂದೆವು: ನನ್ನ ಅಜ್ಜಿ, ನನ್ನ ದೊಡ್ಡಮ್ಮ, ಈಗ ನಾನು. ಹಳೆಯ ತಿರುಳಿನಲ್ಲೇ ಇದ್ದುಬಿಡೋಣ ಎಂದರೆ ಗೇಟಿನ ಹೊಸ ಕಂಪ್ಯೂಟರ್ ಬೋರ್ಡುಗಳಲ್ಲಿ ಅದು ಏಳುವುದೇ ಇಲ್ಲ. ಮತ್ತೆ ಒಳಗೆ ಸೇರಿಸಿ ಎಂದು ನಾನು ಬರೆದರೆ, ಈಗ ಓದಲು ಅಲ್ಲಿ ಮನುಷ್ಯರೇ ಇದ್ದಂತಿಲ್ಲ. 'ಬಳಸುವವರಿಲ್ಲ ಎಂದು ಹಿಂದೆಯೇ ತೀರ್ಮಾನವಾಗಿದೆ' ಎಂಬ ಅದೇ ಉತ್ತರ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರುತ್ತದೆ.

ಹೋದ ಮಳೆಗಾಲಕ್ಕೂ ಹೊಲಿದೆ, ಪರೀಕ್ಷಿಸಿದೆ, ಸರಿಯಿತ್ತು. ಆದರೆ ಹೊಸ ತಿರುಳು ಕೆಲಸವಿಲ್ಲದ ಹೊತ್ತಿನಲ್ಲಿ ಕರೆಂಟು ಉಳಿಸಲೆಂದು ಕೊಳವೆಯನ್ನು ಮಲಗಿಸುತ್ತಿತ್ತು. ಎಬ್ಬಿಸಿದರೆ ಅದು ಹಳೆಯ ಅಳತೆಯನ್ನೇ ಹೇಳುತ್ತಿತ್ತು. ಬೀದಿಯ ತಗ್ಗಿನ ಮನೆಯ ಗುಲಾಬಿ, ಮೀನಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡವಳು, 'ಪದ್ಮಕ್ಕಾ, ನಿನ್ನ ದುಭಾಷಿಗೆ ಕಿವಿ ಕೇಂತಿಲ್ಲೆ ಕಾಣ್, ನನ್ ಕಿವಿಯಾರೂ ಕೊಡ್ಲಾ?' ಎಂದು ನಕ್ಕಳು. ನಾನೂ ನಕ್ಕೆ. ಗೇಟಿನ ಗೋಡೆಯ ಅಂಕಿ ಅಲುಗಲಿಲ್ಲ, ಗೇಟು ತೆರೆದೇ ಇತ್ತು, ಸಮುದ್ರ ಸದ್ದಿಲ್ಲದೆ ಬಂತು. ಆ ಸಂಜೆ ಕೂಗು ಗುಲಾಬಿಯ ಮನೆಗೆ ಬಂದು ನಿಂತಿತು. ಓಡಿದೆವು. ನೀರು ಅವಳ ಕಿಟಕಿಯ ಸರಳಿಗೆ ಬಂದಿತ್ತು. ಬುಟ್ಟಿ ತೇಲುತ್ತಿತ್ತು.

ಆ ತಪ್ಪು ಸರಿಮಾಡಿದೆ. ಈಗ ಮತ್ತೊಂದು ತಿರುಳು ಬಂದಿದೆ. ಬರುವ ಹುಣ್ಣಿಮೆಯ ಉಬ್ಬರದೊಳಗೆ ಅದಕ್ಕೂ ಹೊಲಿಯಬೇಕು. ನನ್ನ ಕಣ್ಣು ಮಂಜು. ಈ ಸಲ ಹೊಲಿಗೆ ಎಲ್ಲಿ ಬಿಡುತ್ತದೋ ಗೊತ್ತಿಲ್ಲ. ನಿನ್ನೆಯಿಂದ ಗೋಡೆಯ ಅಂಕಿ ಮತ್ತೆ ಅಲುಗುತ್ತಿಲ್ಲ. ನೀರೇ ಶಾಂತವಾಗಿದೆಯೋ ಏನೋ ಎಂದು ಬೀದಿಯವರು ಹೇಳುತ್ತಾರೆ. ನಾನು ಕೋಲು ಹಿಡಿದು ಹೋಗಿ ನೋಡಿ ಬರಬೇಕು.

ಅದಕ್ಕೇ ಕೇಳುತ್ತೇನೆ. ಕೂಸನ್ನು ಅತ್ತೆಯ ಮಡಿಲಿಗೆ ಕೊಟ್ಟು, ಆ ಮೇಲ್‌ಗೆ ಉತ್ತರವಾಗಿ ಒಂದು ಸಾಲು ಬರೆ: ಇದನ್ನು ಬಳಸುವವರು ಇದ್ದಾರೆ, ನೋಡಿಕೊಳ್ಳಲು ನಾನಿದ್ದೇನೆ. ಸಾಕ್ಷಿ ಬೇಕೆಂದರೆ ದಕ್ಕೆಗೆ ಹೋಗು. ಕೊಳವೆ ಅಲ್ಲೇ ಇದೆ, ಪಾಚಿ ಕಟ್ಟಿದೆ, ಅಳೆಯುತ್ತಿದೆ. ನೀನು ಬರೆದರೆ ಈ ಕಾಗದ ಬರೆಯುವ ಕಾರಣವೇ ನನಗೆ ಇಲ್ಲದೆ ಹೋಗಬಹುದು. ಹೋಗಲಿ. ಗುಲಾಬಿಯ ಜೊತೆ ಜಗುಲಿಯಲ್ಲಿ ಕೂತು ಬೇರೆ ಏನೋ ಮಾತಾಡುತ್ತಿರುತ್ತೇನೆ.

ಮೊದಲು ಅವರಿಗೆ ಬರೆ. ಆಮೇಲೆ ನನಗೂ ಒಂದು ಮಾತು ಬರೆ, 'ಇದ್ದೇವೆ' ಎಂದರೆ ಸಾಕು. ಬೇಗ ಬರೆ ಮಗಾ. ಬೀದಿಯ ಆ ತುದಿಯಲ್ಲಿ ಕೂಗು ಶುರುವಾಯಿತು.

ನಿನ್ನ
ಪದ್ಮಾಕ್ಷಿ